ಕಾಕಾನ ಇದ್ದಿಲ ಮೋಟಾರು

ಮಾರ್ಗಶಿರದ ಚಳಿಗೆ ಹಲ್ಲು ಕಟಕಟ ಅಂದರೂ ರೇವಣಸಿದ್ಧ ಕಾಕಾ ತನ್ನ ಮೋಟಾರಿನ ಗಾಜು ಏರಿಸಗೊಡುತ್ತಿರಲಿಲ್ಲ. ಮಳೆಗಾಲದಲ್ಲೂ ಅದೇ ಕಥೆ. ಎರಚಲು ನೀರು ನೇರ ಮಡಿಲಿಗೇ ಬೀಳುತ್ತಿತ್ತು. ಅವನ ಹೆಂಡತಿ ಕಾಕು ಬೇಸತ್ತು ಮೋಟಾರಿನೊಳಗೇ ಕೊಡೆ ಬಿಚ್ಚಿಕೊಂಡು ಕೂಡುತ್ತಿದ್ದಳು. ಸೋಲಾಪುರದ ಪೇಟೆಯಲ್ಲಿ ಅದನ್ನು ಕಂಡವರು ನಿಂತು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಎರಡು ಫರ್ಲಾಂಗಿಗೊಮ್ಮೆ ಕತ್ತು ಹೊರಳಿಸಿ ಕೇಳುತ್ತಿದ್ದ: "ಶಾಂತವ್ವಾ, ಎಚ್ಚರ ಇದ್ದೀಯಿಲ್ಲ? ತಲಿ ನೋಯಾಕತ್ತದೇನ?"

"ಇಲ್ಲ ಕಾಕಾ" ಎಂದು ನಾನು ಗಟ್ಟಿಯಾಗಿ ಹೇಳಬೇಕು. ಹೂಂ ಅಂದರೆ ಸಾಲದು. ಯಾರಾದರೂ ತೂಕಡಿಸಿದರೋ, ಗಾಡಿ ನಿಲ್ಲಿಸಿ, ಕೆಳಗಿಳಿಸಿ, ರಸ್ತೆಯ ಮೇಲೆ ನಡೆದಾಡಿಸುತ್ತಿದ್ದ.

ಕಾಕಾ ನನ್ನ ತಂದೆಯ ತಮ್ಮ. ಸೋಲಾಪುರದಲ್ಲಿ ನೂಲಿನ ಅಂಗಡಿ ಇತ್ತು. ಅಕ್ಕಲಕೋಟದ ಮಗ್ಗದವರಿಗೆ ನೂಲು ಒಯ್ದು ಕೊಡುತ್ತಿದ್ದ. ನನ್ನನ್ನು ಅಕ್ಕಲಕೋಟದ ಸಾಲಿ ಮಾಸ್ತರರಿಗೆ ಕೊಟ್ಟಿದ್ದರು, ಹೀಗಾಗಿ ತವರಿಗೆ ಹೋಗುವುದು ಬರುವುದು ಬಹಳಷ್ಟು ಸಲ ಕಾಕಾನ ಮೋಟಾರಿನಲ್ಲೇ. ಆ ಮೋಟಾರಿನ ಬೆನ್ನಿಗೆ ಒಂದು ಕಬ್ಬಿಣದ ಡಬ್ಬಿ ಅಂಟಿಕೊಂಡಿತ್ತು. ಸ್ನಾನದ ನೀರು ಕಾಸುವ ಬಂಬಿನ ಹಾಗೆ, ಆದರೆ ಅದಕ್ಕಿಂತ ಎತ್ತರ. ಅದರೊಳಗೆ ಜಾಲಿ ಕಟ್ಟಿಗೆಯ ಇದ್ದಿಲು. ಕೆಳಗೆ ಕೆಂಡ ಮಾಡಿ, ಪಕ್ಕದ ಹಿಡಿಕೆ ತಿರುವಿ ಗಾಳಿ ಊದಿದರೆ ಇದ್ದಿಲು ಅರ್ಧಮರ್ಧ ಉರಿದು ಗ್ಯಾಸಾಗುತ್ತಿತ್ತು. ಆ ಗ್ಯಾಸು ಕೊಳವೆ ಹಿಡಿದು ಮುಂದೆ ಬಂದು ಇಂಜಿನ್ನಿಗೆ ಹೋಗುತ್ತಿತ್ತು. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಊರಲ್ಲಿ ಎಷ್ಟೋ ಗಾಡಿಗಳು ಹೀಗೇ ಓಡಿದ್ದವಂತೆ. ಯುದ್ಧ ಮುಗಿಯಿತು, ಎಲ್ಲರೂ ಡಬ್ಬಿ ಕಿತ್ತು ಗುಜರಿಗೆ ಹಾಕಿದರು. ಕಾಕಾ ಕೀಳಲಿಲ್ಲ.

"ಅದು ಪರದೇಶದ ಎಣ್ಣಿ" ಎನ್ನುತ್ತಿದ್ದ. "ಹಡಗಾ ಬಂದ್ರ ಅದ, ಬರದಿದ್ರ ಇಲ್ಲ. ಜಾಲಿಗಿಡಕ್ಕ ಹಡಗಾ ಬೇಕಾಗಿಲ್ಲ."

ಪೆಟ್ರೋಲೇ ಇರಲಿಲ್ಲ ಎಂದಲ್ಲ. ಮುಂದಿನ ಸೀಟಿನ ಕೆಳಗೆ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಡಬ್ಬ ತುಂಬ ಇತ್ತು. ಆಪತ್ತಿಗೆ ಎಂದು ಇಟ್ಟದ್ದು. ಎಂಥ ಆಪತ್ತು ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಒಮ್ಮೆ ಕಾಕುವಿನ ತಾಯಿಗೆ ಜಡ್ಡು ಜೋರಾಗಿ ಮಂಗಳವೇಢೆಯಿಂದ ಕರೆ ಬಂದಾಗಲೂ ಅವನು ಹಿಡಿಕೆ ತಿರುವುತ್ತಲೇ ಕೂತಿದ್ದ. ಆ ಮುದುಕಿ ಬದುಕಿದಳು, ಕಾಕು ಮಾತ್ರ ಅದನ್ನು ಮರೆಯಲಿಲ್ಲ. ಪ್ರತಿ ದೀಪಾವಳಿಗೆ ಕಾಕಾ ಹಳೆಯ ಪೆಟ್ರೋಲನ್ನು ಯಾರಿಗಾದರೂ ಕೊಟ್ಟು ಹೊಸದು ತುಂಬಿಡುತ್ತಿದ್ದ. ತಾನು ಸುಡುತ್ತಿರಲಿಲ್ಲ.

ಎಣ್ಣೆ ಮುಗಿದೀತೆಂಬ ಅಂಜಿಕೆ ಎಲ್ಲರಿಗೂ ಕಾಣುವಂಥದ್ದು. ಅದರ ಕೆಳಗೆ ಇನ್ನೊಂದು ಅಂಜಿಕೆ ಇತ್ತು, ಅದನ್ನು ಅವನು ನನಗೆ ಒಮ್ಮೆ ಮಾತ್ರ ಹೇಳಿದ. ಯುದ್ಧದ ಕಾಲಕ್ಕೆ ಅವನ ಗಾಡಿಗೆ ಇಮಾಮಸಾಬ ಎಂಬ ಡ್ರೈವರಿದ್ದ. ಬೆಳಿಗ್ಗೆ ಮತ್ತೆ ಕೆಂಡ ಮಾಡುವ ತ್ರಾಸು ಬೇಡ, ಇದ್ದಿಲೂ ಉಳಿಯುತ್ತದೆ, ಬೆಂಕಿ ಹಾಗೇ ಇರಲಿ ಎಂದು ಕಾಕಾ ಹೇಳಿದ್ದ. ಆ ರಾತ್ರಿ ಮಳೆ ಹೊಡೆಯುತ್ತಿತ್ತು. ಇಮಾಮಸಾಬ ಶೆಡ್ಡಿನ ಬಾಗಿಲು ಹಾಕಿಕೊಂಡು, ಬೆಚ್ಚಗಿದೆ ಎಂದು ಗಾಡಿಯಲ್ಲೇ ಮಲಗಿದ.

"ಮುಂಜಾನಿ ನಾನಽ ಬಾಗಲಾ ತಗದೆ" ಎಂದ ಕಾಕಾ. "ಮಾರಿ ಕೆಂಪಗ ಇತ್ತವ್ವಾ, ಮದುಮಗನ ಮಾರಿ ಹಂಗ. ಎಷ್ಟು ಚಂದ ನಿದ್ದಿ ಮಾಡ್ಯಾನಲ್ಲ ಅನಕೊಂಡೆ. ಸತ್ತಾನ ಅಂತ ತಿಳೀಲಿಲ್ಲ ನನಗ. ಹೊಗಿ ಆದ್ರ ಕಣ್ಣಿಗಿ ಕಾಣತದ, ಮೂಗಿಗಿ ಬಡೀತದ. ಈ ಗ್ಯಾಸಿಗಿ ಬಣ್ಣಿಲ್ಲ, ವಾಸನಿಲ್ಲ. ಕಳ್ಳ ಬಂದಂಗ ಬರತದ."

"ಹಂಗಾದ್ರ ಈ ಡಬ್ಬಿ ಯಾಕ ಇಟ್ಟೀ ಕಾಕಾ, ಕಿತ್ತ ಒಗೀಬಾರದ?" ಎಂದೆ.

"ಕಿತ್ತ ಒಗದು, ನಾಳಿ ಎಣ್ಣಿ ಇಲ್ಲಂದ್ರ?" ಎಂದ. ಹೀಗೆ ಎರಡು ಭಯಗಳ ನಡುವೆ, ನಾಲ್ಕೂ ಗಾಜು ಇಳಿಸಿಕೊಂಡು, ಕಾಕಾ ಗಾಡಿ ಹೊಡೆಯುತ್ತಿದ್ದ.

ಯುದ್ಧ ಮುಗಿದು ಹತ್ತು ಹನ್ನೊಂದು ವರ್ಷದ ಮೇಲೆ, ಒಂದು ಚಳಿಗಾಲದಲ್ಲಿ, ಎಲ್ಲೋ ಪರದೇಶದಲ್ಲಿ ಹಡಗು ಬರುವ ಕಾಲುವೆ ಮುಚ್ಚಿದೆಯಂತೆ, ಇನ್ನು ಪೆಟ್ರೋಲು ಸಿಗುವುದಿಲ್ಲವಂತೆ ಎಂಬ ಸುದ್ದಿ ಪೇಟೆಗೆ ಬಂತು. ನಕ್ಕವರೆಲ್ಲ, ತಮ್ಮ ಗಾಡಿಗೂ ಅಂಥದೇ ಡಬ್ಬಿ ಹಾಕಿಕೊಡು ಎನ್ನುತ್ತಾ ಕಾಕಾನ ಅಂಗಡಿ ಕಟ್ಟೆಗೆ ಬಂದರು. ಅವನು ಹಿಗ್ಗುತ್ತಾನೆಂದು ನಾವು ತಿಳಿದಿದ್ದೆವು. ಅವನಿಗೆ ಊಟ ಸೇರದಾಯಿತು. ಬಂದವರಿಗೆಲ್ಲ ಇಲ್ಲ ಇಲ್ಲ ಎಂದು ಕೈಯಾಡಿಸಿ ಕಳಿಸಿದ. ಕೊನೆಗೆ ಹಿಡಿದ ಪಟ್ಟು ಬಿಡದವನು ಭಂಡಾರಕವಠೆಯ ಬಸಣ್ಣ. ಕುರಿ ಸಾಕುವ ಮನೆತನದವನು, ಕುರಿ ಮಾರಿ ಟ್ರಕ್ಕು ಕೊಂಡವನು. ಎರಡು ಮೂರು ದಿನ ಅಂಗಡಿಯ ಮುಂದೆಯೇ ಕೂತ.

"ಸಾವಕಾರ್ರ, ನನ್ನ ಗಾಡಿ ನಿಂತ್ರ ಮನಿ ಒಲಿ ನಿಂತಂಗರಿ. ನಿಮಗ ಗೊತ್ತದ, ಮತ್ತ್ಯಾರಿಗೂ ಗೊತ್ತಿಲ್ಲ. ಹಾಕಿಕೊಡ್ರಿ."

ಕಾಕಾ ಒಪ್ಪಿದ, ಆದರೆ ಒಂದು ಕರಾರು ಹಾಕಿ. "ಕಣಕಿ ಹೇರು, ಶೇಂಗಾ ಹೇರು, ಬೇಕಾದ್ದು ಹೇರು. ಮಂದೀನ ಮಾತ್ರ ಹೇರಬ್ಯಾಡ. ಹೇರೂ ಪ್ರಸಂಗ ಬಂದ್ರ, ಮಳಿ ಬಂದ್ರೂ ಮ್ಯಾಲ ತಾಡಪತ್ರಿ ಹೊದಸಬ್ಯಾಡ. ಆಣಿ ಮಾಡು."

"ನಮ್ಮ ಮನಿದೇವರು ಬೀರೋಬಾನ ಆಣಿರಿ, ಹೊದಸೂದಿಲ್ಲ."

ಟ್ರಕ್ಕಿನ ಕ್ಯಾಬಿನ್ನಿನ ಹಿಂದೆ, ಸಾಮಾನು ತುಂಬುವ ಜಾಗದ ಮುಂದಿನ ಮೂಲೆಯಲ್ಲಿ ಡಬ್ಬಿ ನಿಂತಿತು. ಮುಂದೆ ಬಸಣ್ಣ ಎಲ್ಲಿ ಸಿಕ್ಕರೂ ಕಾಕಾ ಮೊದಲು ಕೇಳುತ್ತಿದ್ದದ್ದು, "ಮಂದಿ ಹೇರಿಲ್ಲಲ್ಲ?"

ಅದಾಗಿ ಕೆಲವು ವಾರಕ್ಕೆ ಕಾಕಾ ನನ್ನನ್ನು ಅಕ್ಕಲಕೋಟಕ್ಕೆ ಬಿಡಲು ಹೊರಟ. ಕಾಲವಲ್ಲದ ಕಾಲದಲ್ಲಿ ಮೋಡ ಹಾಕಿ ಸಣ್ಣಗೆ ಮಳೆ ಹಿಡಿದಿತ್ತು. ನಡುದಾರಿಯ ಚಹಾದ ಅಂಗಡಿಯಲ್ಲಿ ಇಳಿದೆವು. ಅಂಗಡಿಯವ ಚಹಾದ ಕಪ್ಪು-ಬಸಿ ಕೊಡುತ್ತಾ ತಾನಾಗಿಯೇ ಹೇಳಿದ: "ನಿಮ್ಮ ಡಬ್ಬಿ ಗಾಡಿ ಇನ್ನೊಂದು ಈಗರೇ ಹೋತು ನೋಡ್ರಿ. ಭಂಡಾರಕವಠೆ ಬಸಣ್ಣಂದು. ಲಗ್ನದ ಮಂದಿ, ಸ್ಟೇಷನ್ ಆಚೀ ಹಳ್ಳಿಗಿ ಹೊಂಟಿದ್ರು."

ಕಾಕಾ ಬಾಯಿಗೆ ಎತ್ತಿದ್ದ ಬಸಿಯನ್ನು ಕೆಳಗಿಟ್ಟ. "ಮಂದಿ ಎಲ್ಲಿ ಕುಂತಿದ್ರು?"

"ಹಿಂದರಿ. ಗಂಡಸರು ಇಳದು ಚಹಾ ಕುಡದ್ರು. ಹೆಂಗಸರು ಹುಡುಗರು ಒಳಗಽ ಇದ್ರು, ಮಳಿಯಲ್ಲರಿ. ತಾಡಪತ್ರಿ ಬಿಗದು ಕಟ್ಟಿದ್ರು, ಬೆಚ್ಚಗ."

"ಇಂಜಿನ್ ಚಾಲೂ ಇತ್ತೋ ಬಂದೋ?"

"ಬಂದ್ ಮಾಡಿದ್ದರಿ. ಯಾಕ?"

ಕಾಕಾ ಗಾಡಿಗೆ ಓಡಿದ. ನಾನೂ ಹಿಂದೆಯೇ ಓಡಿ ಹತ್ತಿದೆ. ಹೊರಟ ಮೇಲೆ ಹರಿದ ಹರಿದ ಮಾತಿನಲ್ಲಿ ಹೇಳಿದ. ಗಾಡಿ ಓಡುವಾಗ ಇಂಜಿನ್ನು ಗ್ಯಾಸನ್ನೆಲ್ಲ ಎಳೆದುಕೊಳ್ಳುತ್ತದೆ, ಅಷ್ಟು ಭಯವಿಲ್ಲ. ನಿಂತಾಗ ಎಳೆಯುವವರಿಲ್ಲ. ಒಳಗೆ ಕೆಂಡ ಇದ್ದೇ ಇರುತ್ತದೆ, ಗ್ಯಾಸು ಸಂದು ಹುಡುಕಿ ಹೊರಗೆ ಬರುತ್ತದೆ. ತಾಡಪತ್ರಿಯ ಕೆಳಗೆ ಬಂದದ್ದು ಎಲ್ಲಿಗೆ ಹೋಗಬೇಕು?

"ಲಗ್ನ ಸ್ಟೇಷನ್ ಆಚೀ ಹಳ್ಳ್ಯಾಗ ಅಂದನಲ್ಲ ಅವ" ಎಂದೆ.

"ಹೌದು. ನಡುವ ರೈಲ್ವೆ ಗೇಟ ಅದ" ಎಂದ ಕಾಕಾ. "ಗೇಟ ಹಾಕಿದ್ರ ಮತ್ತ ನಿಲ್ಲತಾನ."

ಇದ್ದಿಲ ಗ್ಯಾಸಿನ ಮೋಟಾರು ಎಷ್ಟು ಒತ್ತಿದರೂ ಎತ್ತಿನ ಗಾಡಿಯ ಅಣ್ಣನಷ್ಟೇ. ಏರು ಬಂತು, ಇಂಜಿನ್ನು ಏದುಸಿರು ಬಿಡಹತ್ತಿತು. ಕಾಕಾ ಸ್ಟೇರಿಂಗನ್ನು ಎರಡೂ ಕೈಯಿಂದ ಗುದ್ದಿದ. ಆಮೇಲೆ ತಟ್ಟನೆ ನಿಲ್ಲಿಸಿ, ಸೀಟಿನ ಕೆಳಗೆ ಕೈ ಹಾಕಿ ಗೋಣಿತಟ್ಟು ಎಳೆದ. ಡಬ್ಬದ ಮುಚ್ಚಳ ತೆರೆಯಲು ಅವನ ಬೆರಳಿಗೆ ಆಗಲಿಲ್ಲ. ನಾನೇ ಸೆರಗು ಸುತ್ತಿ ತಿರುವಿದೆ. ಪೆಟ್ರೋಲನ್ನೆಲ್ಲ ಟಾಕಿಗೆ ಸುರಿದ, ಗ್ಯಾಸಿನ ನಳ ಮುಚ್ಚಿ ಎಣ್ಣೆಯ ನಳ ಬಿಟ್ಟ. ಆ ಮುದಿ ಮೋಟಾರು ಅಷ್ಟು ಜೋರು ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಕಾಕಾ ದಾರಿಯುದ್ದಕ್ಕೂ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದ. ದೇವರ ಹೆಸರೆಂದು ತಿಳಿದಿದ್ದೆ. ಕಿವಿಗೊಟ್ಟರೆ, "ಗೇಟ ತಗದಿರಲಿ, ಗೇಟ ತಗದಿರಲಿ" ಎಂದಷ್ಟೇ.

ಗೇಟು ಹಾಕಿತ್ತು. ಟ್ರಕ್ಕು ಅಲ್ಲೇ ನಿಂತಿತ್ತು. ಬಸಣ್ಣ ಕ್ಯಾಬಿನ್ನಿನಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಟ್ರಕ್ಕಿನ ಹಿಂಭಾಗದಿಂದ ಒಂದು ಮಾತು, ಒಂದು ಹಾಡು, ಒಂದು ಕೂಸಿನ ಅಳು ಇಲ್ಲ. ಲಗ್ನದ ಗಾಡಿ ಅಷ್ಟು ಮೌನವಾಗಿರುವುದನ್ನು ನಾನು ಅಂದೇ ನೋಡಿದ್ದು.

ನೂಲಿನ ಲಡಿ ಕತ್ತರಿಸುವ ಚಾಕು ಕಾಕಾನ ಕಿಸೆಯಲ್ಲಿತ್ತು. ಹಗ್ಗ ಕೊಯ್ದು ತಾಡಪತ್ರಿ ಎಳೆದ. ಒಳಗೆ ಗಂಡಸರು ಹೆಂಗಸರು ಎನ್ನದೆ ಒಬ್ಬರ ಹೆಗಲ ಮೇಲೊಬ್ಬರು ಒರಗಿದ್ದರು. ಒಬ್ಬಳು ವಾಂತಿ ಮಾಡಿಕೊಂಡಿದ್ದಳು. ಒಬ್ಬ ಮುದುಕ ನಮ್ಮನ್ನು ನೋಡಿ ಕುಡಿದವನಂತೆ ನಕ್ಕ. ಎಲ್ಲರ ಮುಖವೂ ಕೆಂಪಗಿತ್ತು. ಅದನ್ನು ಕಂಡು ಕಾಕಾ ಕಲ್ಲಾಗಿ ನಿಂತುಬಿಟ್ಟ.

"ಕಾಕಾ!" ಎಂದು ಅವನ ತೋಳು ಹಿಡಿದು ಅಲುಗಿಸಿದೆ. "ಮದಲ ಹುಡುಗರನ್ನ ಇಳಸೂನು!"

ಬಸಣ್ಣ, ಗೇಟಿನವ, ಅಲ್ಲಿ ಕಾದಿದ್ದ ಚಕ್ಕಡಿ ಗಾಡಿಯವರು ಎಲ್ಲರೂ ಓಡಿಬಂದರು. "ಏನ ಆತರಿ, ನಿದ್ದಿ ಹತ್ತೇದಲ್ಲ" ಎನ್ನುತ್ತಿದ್ದ ಬಸಣ್ಣ ತನ್ನ ಮಗಳನ್ನು ಎತ್ತಿದವನೇ ಹೆಸರು ಹಿಡಿದು ಕೂಗಹತ್ತಿದ. ಐದಾರು ವರ್ಷದ ಲಕ್ಕವ್ವನನ್ನು ಡಬ್ಬಿಯ ಪಕ್ಕದಲ್ಲೇ, ಬೆಚ್ಚಗಿರಲಿ ಎಂದು ಕೂಡಿಸಿದ್ದರು. ಕೈಕಾಲು ಒದ್ದೆ ಬಟ್ಟೆಯಂತೆ ಜೋತಿದ್ದವು. ಕಾಕಾ ಕೂಸನ್ನು ಕಸಿದುಕೊಂಡು ಜೋಳದ ಹೊಲಕ್ಕೆ ಓಡಿದ. ಮಳೆಗೆ, ಗಾಳಿಗೆ ಮುಖ ಮಾಡಿ ಹಿಡಿದು ಬೆನ್ನು ತಿಕ್ಕಿದ, ರುಮಾಲು ಬೀಸಿದ. "ಉಸರ ತಗೋ ನನ್ನವ್ವಾ, ಉಸರ ತಗೋ." ರೈಲು ಬಂದು ಧಡಧಡನೆ ಹೋಯಿತು. ಅದರ ಸದ್ದು ಇಳಿದ ಮೇಲೆ ಲಕ್ಕವ್ವ ಕೆಮ್ಮಿದ್ದು ಕೇಳಿಸಿತು.

ಉಳಿದವರು ಗಾಳಿಗೆ ಬಂದು ಒಬ್ಬೊಬ್ಬರಾಗಿ ಎದ್ದು ಕೂತರು. ಕಾಕಾ ಕೂಸನ್ನೂ ಅದರ ತಾಯಿಯನ್ನೂ ಹಾಕಿಕೊಂಡು, ಇದ್ದ ಪೆಟ್ರೋಲನ್ನು ಕೊನೆಯ ಹನಿಯವರೆಗೂ ಸುಟ್ಟು ಸೋಲಾಪುರದ ದೊಡ್ಡ ಆಸ್ಪತ್ರೆ ಮುಟ್ಟಿಸಿದ. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಆದರೆ ಹುಡುಗಿ ಮನೆಗೆ ಬಂದ ಮೇಲೂ ಮಾತಾಡಲಿಲ್ಲ. ಕರೆದರೆ ನೋಡುತ್ತಿದ್ದಳು, ಅಷ್ಟೇ. ಗ್ಯಾಸು ತಲೆಗೇರಿದೆ, ಕಾದು ನೋಡಬೇಕು ಎಂದಿದ್ದರು.

ಕಾಕಾ ಬಸಣ್ಣನನ್ನು ಬೈಯಲಿಲ್ಲ. ಬಸಣ್ಣನೇ ಕಾಲಿಗೆ ಬಿದ್ದು, "ಮಳಿ ಬಂತರಿ, ಕೂಸುಗೋಳು ನೆನೀತಾವಂತ ಹೊದಸಿದೆ" ಎಂದಾಗ, "ನೆನೀಲಿ ಅಂತ ಯಾವ ತಂದಿ ಅಂತಾನೋ" ಎಂದು ಎಬ್ಬಿಸಿದ. ಟ್ರಕ್ಕಿನ ಡಬ್ಬಿಯನ್ನು ತಾನೇ ಕಿತ್ತ. ಅದೇ ವಾರ ತನ್ನ ಮೋಟಾರಿನದನ್ನೂ ಕಿತ್ತು, ಯಾರೂ ಮತ್ತೆ ಕೂಡಿಸದಂತೆ ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕಿದ. ಮೋಟಾರನ್ನೂ ಮಾರಿಬಿಟ್ಟ.

ಆಮೇಲೆ ಪ್ರತಿ ಸೋಮವಾರ ಸರಕಾರಿ ಎಸ್‌ಟಿ ಬಸ್ಸು ಹತ್ತಿ ಭಂಡಾರಕವಠೆಗೆ ಹೋಗತೊಡಗಿದ. ಬಸಣ್ಣನ ಅಂಗಳದಲ್ಲಿ ಕುರಿಮರಿಗಳ ನಡುವೆ ಕೂತು ಲಕ್ಕವ್ವನನ್ನು ನೋಡುತ್ತಿದ್ದ. ಉತ್ತತ್ತಿ, ಪೇಢೆ ಒಯ್ಯುತ್ತಿದ್ದ, ಅವಳು ಮುಟ್ಟುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಮರಳಿ ಬಂದು, ಕಾಕು ಕೇಳುವ ಮೊದಲೇ "ಇಲ್ಲ" ಎನ್ನುತ್ತಿದ್ದ. ಚಳಿ ಮುಗಿದು ಹೋಳಿ ಹುಣ್ಣಿಮೆ ಹತ್ತಿರ ಬಂದರೂ ಅದೇ "ಇಲ್ಲ". ಅವನು ಸೊರಗಿ ಅರ್ಧಕ್ಕಿಳಿದ.

ಒಂದು ಸೋಮವಾರ ನಾನು ತವರಿನಲ್ಲಿದ್ದೆ. ಕಾಕಾ ಬಸ್ಸಿಳಿದು ಬಂದವನು ಹೊಸ್ತಿಲ ಮೇಲೆ ಕೂತು, ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಕಾಕು ಗಾಬರಿಯಾಗಿ ನೀರು ತಂದಳು. ಅವನು ಕುಡಿದು, ಕಣ್ಣೊರೆಸಿಕೊಂಡು ಹೇಳಿದ: "ಮಾತಾಡಿದ್ಳು. ಅವ್ವನ ಸೀರಿ ಜಗ್ಗಿ ಕೇಳಿದ್ಳು, ಈ ಮುದುಕ ಯಾಕ ವಾರಾವಾರಾ ಬರತಾನಬೇ ಅಂತ."

ಕೆಲವು ವರ್ಷಕ್ಕೆ ನನ್ನ ಯಜಮಾನರಿಗೆ ಮಂಗಳವೇಢೆಗೆ ವರ್ಗವಾಯಿತು. ಕಾಕಾನಿಗೆ ಉಬ್ಬಸ ಹೆಚ್ಚಾಗಿದೆ ಎಂದು ತಿಳಿದು, ಪರಿಚಯದವರೊಬ್ಬರ ಜೀಪಿನಲ್ಲಿ ನೋಡಲು ಬಂದೆ. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗದೆಂದು ಡ್ರೈವರು ಇಂಜಿನ್ನು ಬಿಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದ. ಕಾಕಾ ಪಡಸಾಲೆಯಲ್ಲಿ ದಿಂಬಿಗೆ ಒರಗಿದ್ದ. ನಾನು ಏನು ಕೇಳಿದರೂ ಅವನ ಕಿವಿ ಹೊರಗೇ ಇತ್ತು.

"ಶಾಂತವ್ವಾ, ಅದೇನು ಸುಮ್ಮ ಸುಮ್ಮನ ಎಣ್ಣಿ ಸುಡಾಕತ್ತಾನ ಅವ? ಬಂದ್ ಮಾಡು ಅನ್ನು."

ಹೋಗಿ ಹೇಳಿದೆ. ಡ್ರೈವರು ಗೊಣಗಿ ಬಂದ್ ಮಾಡಿದ. ಓಣಿ ಸ್ತಬ್ಧವಾಯಿತು. "ಹಾಂ, ಈಗ ಮಾತಾಡು" ಎಂದ ಕಾಕಾ. ಸಂಜೆಯವರೆಗೂ ಮಾತಾಡಿದೆವು. ಮಕ್ಕಳದು, ಮಾಸ್ತರರದು, ನೂಲಿನ ಧಾರಣೆಯದು. ಬಹಳ ದಿನದ ಮೇಲೆ ಅವನು ನಿರಾಳವಾಗಿದ್ದದ್ದು ಕಂಡೆ.

ಹೊರಡುವಾಗ ಜೀಪು ಚಾಲೂ ಆಗಲಿಲ್ಲ. ಓಣಿಯ ಗಂಡಸರೆಲ್ಲ ಸೇರಿ ನೂಕಿದರು. ಕಾಕಾ ಗೋಡೆ ಹಿಡಿದು ಕಟ್ಟೆಯವರೆಗೆ ಬಂದು ನಿಂತ. ಇಂಜಿನ್ನು ಹತ್ತಿಕೊಂಡಿತು. ಜೀಪು ಹತ್ತುವ ಮೊದಲು ಇನ್ನೊಮ್ಮೆ ಅವನ ಕಾಲು ಮುಟ್ಟಿ ಬರೋಣವೆಂದು ನಾನು ತಿರುಗಿದೆ. ಅವನು ದೂರದಿಂದಲೇ ಎರಡೂ ಕೈ ಬೀಸಿದ, ಬರಬೇಡ, ಹೋಗು ಹೋಗು ಎಂದು. ನಾವು ಹೋಗಿಬರುತ್ತೇವೆ ಎನ್ನುತ್ತಾ ನಿಂತಷ್ಟು ಹೊತ್ತೂ ಎಣ್ಣೆ ಸುಮ್ಮನೆ ಉರಿಯುತ್ತದಲ್ಲ. ನಾನು ಹತ್ತಿ ಕೂತೆ. ಅವನನ್ನು ಕಂಡದ್ದು ಅದೇ ಕೊನೆ.