ಟ್ರಾನ್ಸ್‌ಫಾರ್ಮರಿನೊಳಗಿನ ಗಂಜಿ ಬಟ್ಟೆ

1986ರಲ್ಲಿ ತಮಿಳುನಾಡಿನ ಮೆಟ್ಟುಪಾಳ್ಯಂ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ನಮ್ಮದು ಅಲ್ಲಿ ನೆಲೆಸಿದ ಕನ್ನಡ ನೇಕಾರರ ಮನೆತನ. ಮಗ್ಗ ಬಿಟ್ಟು ಸೋಲ್ಡರಿಂಗ್ ಐರನ್ ಹಿಡಿದವನು ನಾನೊಬ್ಬನೇ. ಅದರ ಜಂಬವೂ ಸಾಕಷ್ಟಿತ್ತು.

ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಸಮುದಾಯ ಭವನಕ್ಕೆ ಕಡಿಮೆ ಖರ್ಚಿನ ಆಂಪ್ಲಿಫೈಯರ್ ಕಟ್ಟಿಕೊಟ್ಟೆ. ಹಲವು ಟ್ರಾನ್ಸಿಸ್ಟರುಗಳ ಕೆಲಸವನ್ನು ಟಿಬಿಎ 810 ಎಂಬ ಒಂದೇ ಐಸಿ ಚಿಪ್ ಮಾಡುತ್ತಿತ್ತು. ಅದಕ್ಕೆ ಹನ್ನೆರಡು ವೋಲ್ಟ್ ಸಾಕು. ಮನೆಯ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಅದರ ಎರಡು ತಂತಿ ಸುತ್ತುಗಳ ನಡುವೆ ಕರೆಂಟು ದಾಟದಂತೆ ಇನ್ಸುಲೇಷನ್ ಕಾಗದ ಇಡಬೇಕು. ಕಾಗದ ಮುಗಿದಿತ್ತು, ಕೊಯಮತ್ತೂರಿಗೆ ಹೋಗಿ ತರಲು ಸೋಮಾರಿತನ. ಸೋದರತ್ತೆ ರಂಗಮ್ಮನವರ ಮಗ್ಗದ ಮನೆಯಿಂದ ಗಂಜಿ ಹಾಕಿ ಒಣಗಿಸಿದ ಬಟ್ಟೆ ತಂದು ಸುತ್ತಿದೆ. ವಾರ್ನಿಷ್‌ನಲ್ಲಿ ಅದ್ದಿ ತೇವ ತಡೆಯುವಂತೆ ಮಾಡಲೂ ಇಲ್ಲ. ಗಂಜಿ ಹಾಕಿದರೆ ನೂಲು ಗಟ್ಟಿಯಾಗುವುದನ್ನು ಹುಟ್ಟಿನಿಂದ ಕಂಡವನಿಗೆ ಅನುಮಾನವೇ ಬರಲಿಲ್ಲ.

ಅಕ್ಟೋಬರ್ ಕೊನೆಗೆ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಅಂಗಡಿಯಲ್ಲಿ, ಅದೇ ರೀತಿ ಕಟ್ಟಿದ ಎರಡನೇ ಸೆಟ್ಟಿನ ತಗಡಿನ ಪೆಟ್ಟಿಗೆ ಮುಟ್ಟಿದಾಗ ಕೈ ಜುಮ್ಮೆಂದಿತು. ಟೆಸ್ಟರ್ ಇಟ್ಟೆ, ದೀಪ ಹತ್ತಿತು. ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಬಿಚ್ಚಿದೆ. ಬಟ್ಟೆ ತೇವ ಕುಡಿದು ಮೆತ್ತಗಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. 230 ವೋಲ್ಟ್ ಅದರ ಮೂಲಕ ಪೆಟ್ಟಿಗೆಗೂ, ಪೆಟ್ಟಿಗೆಯಿಂದ ಮೈಕಿನ ಲೋಹದ ಮೈಗೂ ಹರಿಯುವ ದಾರಿ ಮಾಡಿಕೊಂಡಿತ್ತು.

ಆಗ ನೆನಪಾಯಿತು: ಸಮುದಾಯ ಭವನದ ಸೆಟ್ಟಿನೊಳಗೂ ಇದೇ ಬಟ್ಟೆ. ಅದೇ ಹೊತ್ತಿಗೆ ಅಲ್ಲಿ ಅತ್ತೆಯ ಮೊಮ್ಮಗಳ ನಾಮಕರಣ. ಮೈಕ್ ಹಿಡಿದು ಲಾಲಿ ಹಾಡುವವರು ಅತ್ತೆಯೇ.

ಅಂಗಡಿ ತೆರೆದಿಟ್ಟೇ ಸೈಕಲ್ ಹತ್ತಿದೆ. ಬೀದಿ ತಿರುವಿನಲ್ಲಿ ಸ್ಪೀಕರಿನಿಂದ ಅತ್ತೆಯ ದನಿ ಕೇಳಿಸಿತು. ದನಿ ಬರುತ್ತಿರುವವರೆಗೆ ಜೀವಂತವಾಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಸಾಲಿನ ಮಧ್ಯೆಯೇ ದನಿ ನಿಂತಿತು.

ಅಂಥ ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಸೈಕಲ್ ಎಸೆದು ಒಳಗೆ ಓಡಿದೆ.

ಅತ್ತೆ ನಿಂತೇ ಇದ್ದರು. ಅದುವರೆಗೆ ಮರದ ಮಣೆಯ ಮೇಲೆ ನಿಂತು ಹಾಡಿದ್ದರು; ಒಣ ಮಣೆ ಅವರನ್ನು ಕಾಪಾಡಿತ್ತು. ಮಗು ಅತ್ತಿದ್ದರಿಂದ ಮೈಕನ್ನು ಕುರ್ಚಿಯ ಮೇಲಿಟ್ಟು ಇಳಿದು, ಮಗುವನ್ನು ಎತ್ತಿಕೊಂಡಿದ್ದರು. ಈಗ ಆಗತಾನೇ ತೊಳೆದ ನೆಲದ ಮೇಲೆ ಬರಿಗಾಲು, ಸೊಂಟದಲ್ಲಿ ಮಗು, ಮೈಕಿನತ್ತ ಚಾಚಿದ ಕೈ.

"ಮುಟ್ಬೇಡಿ ಅತ್ತೆ!"

ಕೂಗಿದ ರಭಸಕ್ಕೆ ಅವರ ಕೈ ಹಿಂದೆ ಸರಿಯಿತು. ನಾನು ಪ್ಲಗ್ ಕಿತ್ತೆ.

"ಏನಾಯ್ತು ಕಣ್ಣು? ಪಾಪ ಬೆದರ್ಕೊಂಡ್ಬಿಡ್ತು ನೋಡು" ಎಂದರು, ನನ್ನನ್ನು ಮುದ್ದಿಗೆ ಕಣ್ಣು ಎಂದೇ ಕರೆಯುವ ಅತ್ತೆ.

ಎಲ್ಲರನ್ನೂ ದೂರ ನಿಲ್ಲಿಸಿ, ಮತ್ತೆ ಪ್ಲಗ್ ಹಾಕಿ, ಮೈಕಿಗೆ ಟೆಸ್ಟರ್ ಮುಟ್ಟಿಸಿದೆ. ದೀಪ ಹತ್ತಿತು. ಕಾರಣ ಹೇಳಿದೆ. ಅತ್ತೆಯ ಮುಖ ಕಂದಿತು. "ಗಟ್ಟಿಯಾ ಇರ್ಲೀಂತ ನಾನೇ ಎರಡು ತಡವೆ ಗಂಜಿ ಹಾಕ್ನಲ್ಲಪ್ಪಾ... ತಪ್ಪು ನಂದಾ?"

"ಇಲ್ಲ ಅತ್ತೆ, ನಂದೇ" ಎಂದೆ. ಅದನ್ನು ಹೇಳುವಾಗ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಅವರು ಮಗುವನ್ನು ಮಲಗಿಸಿ, ಮೈಕಿಲ್ಲದೆ ಲಾಲಿ ಮುಗಿಸಿದರು. ಹಿಂದಿನ ಗೋಡೆಯವರೆಗೂ ಚೆನ್ನಾಗಿ ಕೇಳಿಸಿತು.

ಮಾರನೆಯ ದಿನ ಕೊಯಮತ್ತೂರಿಗೆ ಹೋಗಿ ಕಾಗದ, ವಾರ್ನಿಷ್ ತಂದೆ. ಅದುವರೆಗೆ ಸೆಟ್ಟು ಚೆನ್ನಾಗಿ ಹಾಡಿದರೆ ಕೆಲಸ ಮುಗಿಯಿತೆಂದುಕೊಳ್ಳುತ್ತಿದ್ದೆ. ಆಮೇಲೆ ಅಂಗಡಿ ಮುಚ್ಚುವವರೆಗೂ, ಯಾವ ಸೆಟ್ಟನ್ನು ಹೊರಗೆ ಕಳಿಸುವ ಮೊದಲೂ ಅದರ ಮೈಗೆ ಟೆಸ್ಟರ್ ಇಟ್ಟು, ಒದ್ದೆ ನೆಲದ ಮೇಲೆ ನಿಂತ ಅತ್ತೆ ಇದನ್ನು ಮುಟ್ಟಬಹುದೇ ಎಂದು ಕೇಳಿಕೊಳ್ಳುತ್ತಿದ್ದೆ.