ಅವನ ಹೆಸರಿನ ಬೂತು

ಹೋದ ತಿಂಗಳು ಶೆಟ್ಟಿಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಮುದುಕ ಬಂದು ಕೂತ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಹೊಸ ಟವೆಲು. ಯಾವುದೋ ಮದುವೆಗೆ ಹೊರಟಿದ್ದಿರಬೇಕು. ಮುಖ, ಕುತ್ತಿಗೆ, ಅಂಗಿಯ ಒಳಗೆಲ್ಲ ಧಾರಾಳವಾಗಿ ಪೌಡರು ಬಳಿದುಕೊಂಡಿದ್ದ. ಆ ಪೌಡರಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ವಾಸನೆ ನಮ್ಮ ಎಸ್‌ಟಿಡಿ ಬೂತಿನ ಮುಂದೆ ದಿನಾ ಬಂದು ನಿಲ್ಲುತ್ತಿತ್ತು…

ನಮ್ಮ ಬೂತು ಅನ್ನುವುದು ಬಾಯಿಗೆ ರೂಢಿಯಾದ ಮಾತು. ಕಾಗದದ ಪ್ರಕಾರ ಅದು ಅವನದು. ಅವನ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ನಮ್ಮ ಮನೆಯವರು ಬೇಕಾದಷ್ಟು ಬಳಸಿಕೊಂಡಿದ್ದೇವೆ, ಸಾಕು.

ಅವನು ನಮ್ಮ ತೋಟದಲ್ಲಿ ಕಾಯಿ ಕೀಳುತ್ತಿದ್ದವನು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನಾದರೂ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಏಕವಚನವೇ. ಕಾಲಿಗೆ ಹಗ್ಗ ಸುತ್ತಿಕೊಂಡು ಹೊರಟನೆಂದರೆ ನಾವು ಕತ್ತೆತ್ತಿ ನೋಡುವುದರೊಳಗೆ ಗರಿಗಳ ನಡುವೆ ಕೂತಿರುತ್ತಿದ್ದ. ಒಂದು ಬೆಳಿಗ್ಗೆ ಮರವೆಲ್ಲ ಮಳೆಗೆ ನೆನೆದು ಜಾರುತ್ತಿತ್ತು. ನಾಳೆ ಹತ್ತುತ್ತೇನೆ ಎಂದ. ಎಳನೀರಿನ ಲಾರಿ ಬಂದು ನಿಂತಿದೆ ಎಂದು ಅಪ್ಪ ಹತ್ತಿಸಿದರು. ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಮೂತ್ರಕ್ಕೆ ಒಂದು ಪೈಪು, ಒಂದು ಚೀಲ ಹಾಕಿ ಆಸ್ಪತ್ರೆಯವರು ಮನೆಗೆ ಕಳಿಸಿದರು. ಹೆಂಡತಿ ಕೊಬ್ಬರಿ ಒಡೆಯುವ ಕೂಲಿಗೆ ಸೇರಿಕೊಂಡಳು.

ಆಮೇಲೆ ಒಂದೆರಡು ವರ್ಷಕ್ಕೆ, ಅಂಗವಿಕಲರಿಗೆ ಫೋನ್ ಬೂತು ಕೊಡುತ್ತಾರೆ, ಅವರೇ ಕೂತು ನಡೆಸಬೇಕು ಎಂಬ ಸುದ್ದಿ ಬಂತು. ಅಪ್ಪನೇ ಓಡಾಡಿ ಸರ್ಟಿಫಿಕೇಟು ಮಾಡಿಸಿದರು, ಅರ್ಜಿ ಹಾಕಿಸಿದರು, ಬಸ್ ಸ್ಟ್ಯಾಂಡಿನ ಎದುರಿಗಿದ್ದ ನಮ್ಮ ಮಳಿಗೆಯನ್ನೇ ಬಿಟ್ಟುಕೊಟ್ಟರು. ಬೂತಿಗೆ ಪೂಜೆಯಾದ ದಿನ ಅವನ ಬೆನ್ನು ತಟ್ಟಿ, “ಇನ್ಮೇಲೆ ನಿನ್ ಕಾಲ್ ಮೇಲೆ ನೀನೇ ನಿಂತ್ಕಬೇಕು ಕಣಪ್ಪ” ಎಂದರು. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಯಾಕೆ ನಗುತ್ತಿದ್ದಾರೆಂದು ಅಪ್ಪನಿಗೆ ತಿಳಿಯಲೇ ಇಲ್ಲ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಆದರೆ ಬೂತಿನ ಕುರ್ಚಿಯಲ್ಲಿ ಕೂತವಳು ನಾನು. “ಮೊದ್ಲು ಕೆಲಸ ಕಲ್ತ್ಕ. ಕಲ್ತ ದಿವ್ಸ ಕುರ್ಚಿ ನಿಂದು” ಎಂದು ಅಪ್ಪ ಅವನಿಗೆ ಹೇಳಿದ್ದರು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮದುವೆಯಾಗಿ ಒಂದೂವರೆ ವರ್ಷಕ್ಕೆ ತವರಿಗೆ ವಾಪಸು ಬಂದವಳು. ಮನೆಯಲ್ಲಿದ್ದರೆ ಅತ್ತಿಗೆಯ ಅಡುಗೆಮನೆಯಲ್ಲಿ ಮುದ್ದೆ ತೊಳಸಿಕೊಂಡು, ಅವಳು ಹಾಕಿದಷ್ಟು ಉಂಡುಕೊಂಡು ಇರಬೇಕಿತ್ತು. ಬೂತಿನಲ್ಲಿ ನಾನು ಮೇಡಂ. ಕೊಬ್ಬರಿ ವ್ಯಾಪಾರಿಗಳು ಕೂಡ ‘ದೆಹಲಿಗೊಂದು ಹಾಕ್ಕೊಡಿ ಮೇಡಂ’ ಎಂದು ನಿಂತು ಕೇಳುತ್ತಿದ್ದರು. ಆ ಕುರ್ಚಿಯನ್ನು ಯಾರಿಗಾದರೂ ಬಿಟ್ಟುಕೊಡುವುದುಂಟೆ?

ಅವನು ದಿನಾ ಮೂರು ಗಾಲಿಯ ಸೈಕಲ್ಲನ್ನು ಕೈಯಲ್ಲೇ ತಿರುಗಿಸಿಕೊಂಡು ಬರುತ್ತಿದ್ದ. ಮಳಿಗೆಗೆ ಎರಡು ಮೆಟ್ಟಿಲಿದ್ದವು, ಸೈಕಲ್ಲು ಹೊರಗೇ ನಿಲ್ಲುತ್ತಿತ್ತು.

“ಇವತ್ತು ಕಲಿಸ್ತೀರಾ ಅಮ್ಮಣ್ಣಿ?”

“ನಾಳೆ ನೋಡಾಣ.”

ಎಷ್ಟು ನಾಳೆಗಳಾದವೋ… ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ. ಅವನು ಬೇಜಾರು ಮಾಡಿಕೊಳ್ಳದೆ ಕಿಟಕಿಯ ಪಕ್ಕ ಬಿಸಿಲಿನಲ್ಲಿ ಕೂತಿರುತ್ತಿದ್ದ. ಯಾರಾದರೂ ಕಾನ್ಪುರದ ಕೋಡ್ ಎಷ್ಟು ಎಂದರೆ ನಾನು ಪಟ್ಟಿ ಹುಡುಕುವುದರೊಳಗೆ ಹೊರಗಿನಿಂದ ಅವನ ದನಿ ಬರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಒಂದು ಸಲ, “ನಿನ್ನ ಕೇಳಿದ್ರಾ?” ಎಂದು ಗದರಿದ್ದೆ. ಅಂದಿನಿಂದ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಟೆಲಿಫೋನ್ ಇಲಾಖೆಯ ಅಧಿಕಾರಿ ತನಿಖೆಗೆ ಬರುತ್ತಾರೆಂದು ಗೊತ್ತಾಯಿತು. ಬೂತನ್ನು ನಡೆಸುವವರು ಬೇರೆ ಎಂದು ಯಾರೋ ಮೂಗರ್ಜಿ ಬರೆದಿದ್ದರು. ಬೆಳಿಗ್ಗೆಯೇ ಅಣ್ಣನ ಬಿಳಿ ಅಂಗಿಯನ್ನು ಅವನಿಗೆ ತೊಡಿಸಿ, ಇಬ್ಬರು ಹಮಾಲಿಗಳ ಕೈಲಿ ಎತ್ತಿಸಿ ಕುರ್ಚಿಯಲ್ಲಿ ಕೂರಿಸಿದೆವು. ಅವನು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

“ದೆಹಲಿಗೆ ಒಂದು ಕಾಲ್ ಹಾಕಪ್ಪ, ನೋಡೋಣ” ಎಂದರು ಅಧಿಕಾರಿ. ಅಪ್ಪನ ಮುಖ ಕಪ್ಪಿಟ್ಟಿತು. ಅವನು ಪಟ್ಟಿ ನೋಡಲಿಲ್ಲ. ಅಲ್ಲಿನ ಕೊಬ್ಬರಿ ಮಂಡಿಯೊಂದರ ನಂಬರನ್ನು ಕೋಡಿನ ಸಮೇತ ಒಂದೇ ಸಲಕ್ಕೆ ಒತ್ತಿ, ಆ ಕಡೆಯವರು ಹಲೋ ಎಂದ ಮೇಲೆ ರಿಸೀವರನ್ನು ಅಧಿಕಾರಿಯ ಕೈಗೆ ಕೊಟ್ಟ. ಮಾತು ಮುಗಿದ ಕೂಡಲೇ ಮಿಷನ್ನಿನಿಂದ ಬಂದ ಚೀಟಿಯನ್ನು ಹರಿದು ಎರಡೂ ಕೈಯಲ್ಲಿ ಹಿಡಿದು ನೀಡಿದ. ನಾನು ಅವನಿಗೆ ಒಂದೇ ಒಂದು ಗುಂಡಿ ಒತ್ತುವುದನ್ನೂ ಕಲಿಸಿರಲಿಲ್ಲ.

“ಯಾರಾದ್ರೂ ತೊಂದರೆ ಕೊಡ್ತಿದಾರಾ? ಹೆದರಬೇಡ, ಹೇಳು.”

“ಯಾರೂ ಇಲ್ಲ ಸಾಮಿ. ಅಮ್ಮಣ್ಣಿ ಎಲ್ಲ ಕಲಿಸವ್ರೆ.”

ಜೀಪು ಹೋದ ಮೇಲೆ ಅಪ್ಪ ಅವನನ್ನೇ ನೋಡುತ್ತಾ ನಿಂತರು. ನಿಜಕ್ಕೂ ಅವರ ಮನಸ್ಸು ಕರಗಿತ್ತು. “ಪರ್ವಾಗಿಲ್ಲ ಕಣ್ಲಾ, ಕಲ್ತ್ಬುಟ್ಟಿದೀಯ” ಎಂದವರು ನನ್ನ ಕಡೆ ತಿರುಗಿ, “ನಾಳೆಯಿಂದ ಇವನೇ ಕೂತ್ಕಳ್ಳಿ ಬುಡು. ನೀನು ಮನೇಲಿ ಅತ್ತಿಗೆಗೆ ಆಸರೆ ಆಯ್ತೀಯ” ಎಂದರು. ಅವನು ಮರ ಹತ್ತಿ ಹತ್ತಿ ಜಡ್ಡುಗಟ್ಟಿದ ಅಂಗೈಗಳನ್ನು ಕುರ್ಚಿಯ ಕೈಗಳ ಮೇಲೆ ಇಟ್ಟುಕೊಂಡ.

ನನಗೆ ಅಡುಗೆಮನೆ ಕಣ್ಣಮುಂದೆ ಬಂತು. ಹೇಳಿಬಿಟ್ಟೆ.

“ಇವನ ಹತ್ರ ವಾಸನೆ ಬತ್ತದೆ ಅಪ್ಪಾಜಿ. ಉಚ್ಚೆ ವಾಸನೆ. ಈ ಗೂಡಿನೊಳಗೆ ಯಾರು ಬಂದು ನಿಂತ್ಕತಾರೆ? ಹೆಂಗಸ್ರಂತೂ ಬರಲ್ಲ.”

ವಾಸನೆ ಬರುತ್ತಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಬೀಡಿಯದು, ಬೆವರಿನದು ಇದ್ದಿರಬಹುದು, ಅದು ನಮ್ಮೂರಿನ ಗಂಡಸರಲ್ಲಿ ಯಾರಿಗಿರಲಿಲ್ಲ? ಅವನ ಹೆಂಡತಿ ಅವನನ್ನು ಎಳೆಮಗುವಿನ ಹಾಗೆ ಚೊಕ್ಕಟವಾಗಿ ಇಟ್ಟಿದ್ದಳು. ಆದರೆ ಅಪ್ಪ ಒಮ್ಮೆ ಉಸಿರೆಳೆದು, ಹೌದು ಎಂಬಂತೆ ತಲೆಯಾಡಿಸಿದರು. ಹೇಳಿಕೊಟ್ಟ ಮೇಲೆ ಇಲ್ಲದ ವಾಸನೆಯೂ ಬರುತ್ತದೆ.

ಅವನ ಮುಖ ಸಣ್ಣದಾಯಿತು. “ಹೌದಾ ಅಮ್ಮಣ್ಣಿ? ನಂಗೆ ಸೊಂಟದಿಂದ ಕೆಳಗೆ ಏನಾಯ್ತದೆ ಅಂತ ಗೊತ್ತಾಗಕಿಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು” ಎಂದ. ಹಮಾಲಿಗಳು ಅವನನ್ನು ಎತ್ತಿ ಮತ್ತೆ ಸೈಕಲ್ಲಿನಲ್ಲಿ ಕೂರಿಸಿದರು.

ಮಾರನೆಯ ದಿನ ಅವನು ಬಂದಾಗ ಹತ್ತು ಮಾರು ದೂರದಿಂದಲೇ ಪೌಡರಿನ ವಾಸನೆ ಬಂತು. ಕುತ್ತಿಗೆ, ತೋಳು, ಪಂಚೆಯ ಮೇಲೆಲ್ಲ ಬಿಳಿ ಬಿಳಿ. ಕಿಟಕಿಯ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, “ಈಗ ಬತ್ತದಾ ಅಮ್ಮಣ್ಣಿ?” ಎಂದ.

“ಇನ್ನೂ ಸ್ವಲ್ಪ ಐತೆ” ಎಂದೆ.

ದಿನಾ ಕೇಳಿದ. ದಿನಾ ಅದನ್ನೇ ಹೇಳಿದೆ. ಮೊದಮೊದಲು ಹೇಳುವಾಗ ತಲೆ ತಗ್ಗಿಸುತ್ತಿದ್ದೆ, ಆಮೇಲಾಮೇಲೆ ರೂಢಿಯಾಯಿತು. ಬೇಸಿಗೆ ಬಂತು. ಅವನ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಪಕ್ಕದ ಹೋಟೆಲಿನವನು ಟೀ ಕೊಟ್ಟರೂ ಬೇಡ ಅನ್ನುತ್ತಿದ್ದ. ಏನು ಬಿಗುಮಾನ ನೋಡು ಇವನದು ಎಂದುಕೊಂಡೆ. ಒಂದು ದಿನ ಸೈಕಲ್ಲು ಬರಲಿಲ್ಲ. ಚಳಿಜ್ವರವಂತೆ, ಮುಖ ಊದಿಕೊಂಡಿದೆಯಂತೆ, ತುಮಕೂರಿಗೆ ಕರೆದುಕೊಂಡು ಹೋದರಂತೆ ಎಂದರು. ಅಲ್ಲೇ ತೀರಿಕೊಂಡ.

ತಿಥಿ ಕಳೆದ ಮೇಲೆ ಅವನ ಮನೆಗೆ ಹೋದೆ. ವಾಸನೆ ಇರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ಅವನ ಹೆಂಡತಿಯ ಮುಂದೆ ಹೇಳಿಬಿಡಬೇಕೆಂದೇ ಹೋಗಿದ್ದು. ಅವಳು ಚಾಪೆ ಹಾಕಿ ಕೂರಿಸಿದಳು.

“ಕಿಡ್ನಿ ಕೆಟ್ಟೋಗದೆ ಅಂದ್ರು ಡಾಕ್ಟ್ರು. ನೀರೇ ಕುಡೀತಿರ್ಲಿಲ್ಲ ಕಣ್ರವ್ವ. ನೀರು ಕುಡುದ್ರೆ ತಾನೆ ಉಚ್ಚೆ, ವಾಸ್ನೆ ಹೋದ್ರೆ ಕುರ್ಚಿ ಕೊಡ್ತಾರೆ ಅಂತಿದ್ದ. ವಾಸ್ನೆ ಎಲ್ಲೈತೆ, ನಂಗೆ ಬರಲ್ವಲ್ಲ ಅಂದ್ರೆ, ನಿಂಗೆ ಇದ್ದೂ ಇದ್ದೂ ಮೂಗು ಸತ್ತೋಗದೆ ಕಣೇ ಅನ್ನೋನು.” ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು. “ಊರೋರೆಲ್ಲ ಮುಚ್ಚಿಟ್ರು, ಅಮ್ಮಣ್ಣಿ ಒಬ್ರೇ ಬಾಯ್ಬುಟ್ಟು ಹೇಳಿದ್ದು ಅಂತ ಕೊನೇವರ್ಗೂ ನಿಮ್ಮನ್ನ ನೆನೀತಿದ್ದ.”

ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ. ಅಪ್ಪ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಬೂತನ್ನು ಅವಳ ಹೆಸರಿಗೆ ಮಾಡಿಸಿದರು. ಊರಿಗೆಲ್ಲ ಮೊಬೈಲು ಬಂದು ಅದು ಮುಚ್ಚುವವರೆಗೂ ಕುರ್ಚಿಯಲ್ಲಿ ನಾನೇ ಕೂತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಅವಳ ಮನೆಯ ಮುಂದೆ ಎಷ್ಟೋ ಸಲ ಹಾದುಹೋದೆ… ಹೋದ ವರ್ಷ ಅವಳೂ ತೀರಿಕೊಂಡಳು. ಈಗ ಆ ಮಾತು ಹೇಳಿದರೂ ಕೇಳಬೇಕಾದವರು ಯಾರೂ ಉಳಿದಿಲ್ಲ.

ಬಸ್ಸಿನಲ್ಲಿ ನಾನು ಕಣ್ಣೊರೆಸಿಕೊಂಡದ್ದನ್ನು ಆ ಮುದುಕ ನೋಡಿದನೆಂದು ಕಾಣುತ್ತದೆ. ಮುಜುಗರದಿಂದ ಸ್ವಲ್ಪ ಸರಿದು ಕೂತು, “ಮೊಮ್ಮಗಳು ಬಳುದ್ಬುಟ್ಲು ಕಣವ್ವ. ವಾಸ್ನೆ ಜಾಸ್ತಿ ಆಯ್ತಾ?” ಎಂದ.

“ಇಲ್ಲ ಕಣಣ್ಣ, ಏನೂ ವಾಸನೆ ಇಲ್ಲ” ಎಂದೆ.

ಅಷ್ಟೇ. ಅವನು ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಂಡ. ಆ ಮಾತು ಹೇಳುವುದು ಅಷ್ಟು ಸುಲಭವಾಗಿತ್ತು.