ತಟ್ಟಿ ನೋಡುವ ಬುನ್‌ರುವಾನ್

ಚಂತಬುರಿಯ ಹಣ್ಣಿನ ಸಂತೆಯಲ್ಲಿ ಬುನ್‌ರುವಾನ್ ಎಂದರೆ ತಟ್ಟಿ ನೋಡುವ ಹೆಂಗಸು. ಹಲಸಿನಂಥ ಮುಳ್ಳುಸಿಪ್ಪೆಯ ದುರಿಯನ್ ಹಣ್ಣನ್ನು ಕೋಲಿನಿಂದ ತಟ್ಟಿ, ಮಾಗಿದೆಯೋ ಇಲ್ಲವೋ ಹೇಳುವುದು ಅಲ್ಲಿ ಎಲ್ಲರಿಗೂ ಬರುತ್ತದೆ. ಈಕೆ ಮನುಷ್ಯರನ್ನೂ ಹಾಗೆಯೇ ತಟ್ಟುತ್ತಿದ್ದಳು. ಗಂಡ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ ಮೇಲೆ ಒಬ್ಬಳೇ ವ್ಯಾಪಾರ ಮಾಡಿ ಮಗಳು ಲಮ್ಯೈಯನ್ನು ಬೆಳೆಸಿದವಳು. ಕಂಡಕಂಡವರನ್ನು ನಂಬಿದ್ದರೆ ಎಂದೋ ಮುಳುಗಿಹೋಗುತ್ತಿದ್ದಳು, ನಿಜ. ಆದರೆ ಅಳಿಯ ಮಾನೊತ್‌ನನ್ನು ತಟ್ಟಿದಷ್ಟು ಆಕೆ ಯಾವ ಹಣ್ಣನ್ನೂ ತಟ್ಟಿರಲಿಲ್ಲ.

ಮಾನೊತ್ ಪಿಕಪ್ ಗಾಡಿಗಳ ಹಿಂದಿನ ತೊಟ್ಟಿಗೆ ಲೈನರ್ ಎಂಬ ಪ್ಲಾಸ್ಟಿಕ್ ಒಳಹೊದಿಕೆ ಕೂರಿಸುವ ಕೆಲಸದವನು. ಹಗಲಿಡೀ ದುಡಿದು ಬಂದರೂ ರಾತ್ರಿ ಒಂದು ಫೋನ್ ಬಂದರೆ ಸಾಕು, ಅನ್ನದ ತಟ್ಟೆ ಬಿಟ್ಟು ಓಡುತ್ತಿದ್ದ. ಕೇಳಿದರೆ, "ಗೆಳೆಯನ ಗಾಡಿ ಕೆಟ್ಟಿದೆಯಂತೆ!" ಗೆಳೆಯರ ಗಾಡಿಗಳೆಲ್ಲ ರಾತ್ರಿಯೇ ಏಕೆ ಕೆಡಬೇಕು? ಅದೂ ಸಾಲದೆಂಬಂತೆ, ಬೈಕಿನ ಹಿಂದೆ ಕೂತಾಗಲೆಲ್ಲ ಆಕೆ ಗಮನಿಸಿದ್ದಳು: ಸೇತುವೆ ಬಂತೆಂದರೆ ಇವನು ಏನೋ ಗೊಣಗುತ್ತಾನೆ. ಜೂಜೋ, ಇನ್ನೊಬ್ಬಳೋ, ಮಾಟವೋ? ಲಮ್ಯೈ ತುಂಬು ಬಸುರಿ. ಗುಟ್ಟು ಬಯಲಾದ ದಿನವೇ ಇವನನ್ನು ಮನೆಯಿಂದ ಆಚೆ ಹಾಕುವುದೆಂದು ಬುನ್‌ರುವಾನ್ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಹಣ್ಣಿನ ಕಾಲ ಶುರುವಾಗುವ ಮುನ್ನ ಒಂದು ಬೆಳಿಗ್ಗೆ ಅವನು ಹಳೆಯ ಪಿಕಪ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಅತ್ತೆಯ ಹಣ್ಣು ಸಾಗಿಸಲಿಕ್ಕಂತೆ. ಆಕೆ ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಕಪ್ಪು ಲೈನರ್ ಹೊತ್ತು ತೊಟ್ಟಿಗೆ ಇಳಿಸಲು ಹೊರಟಿದ್ದ.

"ಏಯ್, ನಿಲ್ಲು! ಏನೋ ಅಷ್ಟು ಅವಸರ?"

"ದುರಿಯನ್ ಮುಳ್ಳು ಬಣ್ಣ ಕೆರೆದು ಹಾಕುತ್ತೆ ಅಮ್ಮ. ಆಮೇಲೆ ತುಕ್ಕು ಹಿಡಿಯುತ್ತೆ."

"ಬಣ್ಣ ಇದ್ರೆ ತಾನೇ ಕೆರೆಯೋದು! ಸರಿ ಆಚೆ."

ಲುಂಗಿ ಎತ್ತಿ ಕಟ್ಟಿ ತೊಟ್ಟಿಗೆ ಹತ್ತಿದಳು. ಹಣ್ಣು ಮೂಸುವ ಹಾಗೆ ಮೂಸಿದಳು. ಸೋಪಿನ ವಾಸನೆ. ಚೆನ್ನಾಗಿ ತೊಳೆದಿದ್ದ, ಆದರೆ ಮೂಲೆಯ ಸಂದಿಯಲ್ಲಿ ಸುಟ್ಟ ಊದುಬತ್ತಿಯ ಕಡ್ಡಿಗಳು, ಮೆತ್ತಿಕೊಂಡ ಬೂದಿ. ತೊಟ್ಟಿಯಲ್ಲಿ ಊದುಬತ್ತಿ ಹಚ್ಚುವವರು ಆ ಸೀಮೆಯಲ್ಲಿ ಇನ್ಯಾರು? ರಸ್ತೆಯಲ್ಲಿ ಸತ್ತವರನ್ನು ಎತ್ತಿ ತರುವ ಸ್ವಯಂಸೇವಕರು ಮಾತ್ರ.

"ಹೆಣದ ಗಾಡಿ! ಬಸುರಿ ಇರೋ ಮನೆಗೆ ಹೆಣದ ಗಾಡಿ ತಂದು ಮೇಲೆ ಪ್ಲಾಸ್ಟಿಕ್ ಮುಚ್ತೀಯಾ? ಯಾರಾದ್ರೂ ನಿಂಗೆ ಟೋಪಿ ಹಾಕಿದ್ರೋ, ನೀನೇ ನಂಗೆ ಹಾಕ್ತಿದ್ದೀಯೋ?"

"ಯಾರೂ ಹಾಕಿಲ್ಲ ಅಮ್ಮ. ಇದು ನಮ್ಮ ತಂಡದ್ದೇ ಗಾಡಿ. ಹೊಸದು ಬಂತು, ಇದನ್ನ ನಂಗೆ ಕೊಟ್ರು." ಮಾನೊತ್ ಲೈನರನ್ನು ನೆಲಕ್ಕಿಳಿಸಿದ. "ರಾತ್ರಿ ನಾನು ಹೋಗೋದು ಆ ತಂಡದ ಕೆಲಸಕ್ಕೇ. ಹೆಣ ಮುಟ್ಟಿದ ಕೈ ಅಂತ ಗೊತ್ತಾಗಿದ್ರೆ ನೀವು ತಟ್ಟೆಗೆ ಅನ್ನ ಹಾಕ್ತಿದ್ರಾ?"

ಹಾಕುತ್ತಿರಲಿಲ್ಲ. ಅದು ಆಕೆಗೂ ಗೊತ್ತು. ಆದರೂ ಬಿಡಲಿಲ್ಲ.

"ಮತ್ತೆ ಸೇತುವೆ ಹತ್ರ ಗೊಣಗೋದು?"

"ಅದು ರೂಢಿ. ಹೋದವರನ್ನ ಸುಮ್ನೆ ಎತ್ಕೊಂಡು ಬರೋ ಹಾಗಿಲ್ಲ. ಊದುಬತ್ತಿ ಹಚ್ಚಿ ಕರೀಬೇಕು. ನೀರು ದಾಟೋವಾಗ ಹೇಳ್ಬೇಕು, 'ಸೇತುವೆ ಬಂತು, ಹಿಂದೆ ಉಳೀಬೇಡಿ, ಮನೆಗೆ ಹೋಗೋಣ' ಅಂತ. ಇಲ್ದಿದ್ರೆ ಅಲ್ಲೇ ಅಲೀತಾ ಇರ್ತಾರೆ. ಈಗ ಹಿಂದೆ ನೀವು ಕೂತಿದ್ರೂ ಬಾಯಿಗೆ ಬಂದ್ಬಿಡುತ್ತೆ."

"ನನ್ನನ್ನೇ ಹೆಣ ಮಾಡ್ಬಿಟ್ಟೆಯಲ್ಲೋ, ಪಾಪಿ!"

ಬೈದಳು. ಆಮೇಲೆ ತೊಟ್ಟಿಯ ಅಂಚಿನಲ್ಲಿ ಕೂತಳು. ಮೂಲೆಯ ಬೂದಿಯ ಕಡೆ ನೋಡಿದಳು.

"ಲಮ್ಯೈ ಅಪ್ಪನ್ನ ತಂದಾಗ ಎರಡು ಸೇತುವೆ ದಾಟಿ ಬರ್ಬೇಕಿತ್ತು ಕಣೋ. ಯಾರು ತಂದ್ರೋ, ನಾನು ಹೆಸರೂ ಕೇಳ್ಲಿಲ್ಲ. ಅವರು ಹೇಳಿರ್ತಾರಾ?"

"ಹೇಳ್ದೆ ಯಾರೂ ತರಲ್ಲ ಅಮ್ಮ."

ಆ ಮಾತನ್ನು ಬುನ್‌ರುವಾನ್ ತಟ್ಟಿ ನೋಡಲಿಲ್ಲ. ಕಣ್ಣೊರೆಸಿಕೊಂಡು ಕೆಳಗಿಳಿದು, ಲೈನರಿನ ಒಂದು ತುದಿಯನ್ನು ತಾನೇ ಹಿಡಿದಳು.

"ಎತ್ತು ಆ ಕಡೆ," ಎಂದಳು. "ಬೂದಿ ಗುಡಿಸ್ಬೇಡ, ಅಲ್ಲೇ ಇರ್ಲಿ."